ಇ2ಎಫ್‌ಎಸ್‌ಸಿಕೆ: ಡಿಸ್ಕ್ ಉಳಿಯುತ್ತದೆ, ಹೆಸರುಗಳು ಉಳಿಯುವುದಿಲ್ಲ

ಲಿನಕ್ಸ್‌ನ ಇಎಕ್ಸ್‌ಟಿ4 ಕಡತ ವ್ಯವಸ್ಥೆಯನ್ನು ಪರೀಕ್ಷಿಸಿ ಸರಿಪಡಿಸುವ ಇ2ಎಫ್‌ಎಸ್‌ಸಿಕೆಯನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಬ್ಯಾಕಪ್ ಡಿಸ್ಕನ್ನು ಜೋಡಿಸಿ, ಮೌಂಟ್ ಮಾಡದೆ (ಎಂದರೆ ಬಳಕೆಗೆ ತೆರೆಯದೆ), ಎಫ್ ಮತ್ತು ಎನ್ ಆಯ್ಕೆಗಳೊಂದಿಗೆ ಅದನ್ನು ಓಡಿಸುವುದು ನನ್ನ ರೂಢಿ; ಎನ್ ಕೊಟ್ಟರೆ ದೋಷಗಳನ್ನು ತಿಳಿಸುತ್ತದೆಯೇ ಹೊರತು ಸರಿಪಡಿಸಲು ಹೋಗುವುದಿಲ್ಲ. ಐನೋಡ್‌ಗಳು (ಪ್ರತಿ ಕಡತದ ವಿವರ ಮತ್ತು ಡಿಸ್ಕಿನಲ್ಲಿ ಅದರ ಜಾಗವನ್ನು ಹೇಳುವ ದಾಖಲೆಗಳು), ಡೈರೆಕ್ಟರಿಗಳ ರಚನೆ, ಅವುಗಳ ಸಂಪರ್ಕ, ಲಿಂಕ್‌ಗಳ ಎಣಿಕೆ, ಬ್ಲಾಕ್‌ಗಳ (ಡಿಸ್ಕಿನ ಸಮಗಾತ್ರದ ತುಂಡುಗಳ) ಗುಂಪುಗಳ ಲೆಕ್ಕ ಎಂದು ಐದು ಹಂತಗಳು ತೆರೆಯ ಮೇಲೆ ಒಂದೊಂದಾಗಿ ಮೂಡುತ್ತವೆ. ನನ್ನ ಕಾಫಿ ಮೊದಲ ಹಂತದಲ್ಲೇ ಮುಗಿಯುತ್ತದೆ.

ಕಡತ ವ್ಯವಸ್ಥೆಯ ಮೂಲ ವಿವರಗಳಿರುವ ಮುಖ್ಯ ಸೂಪರ್‌ಬ್ಲಾಕ್ ಕೆಟ್ಟರೂ ಇದು ಕೈಬಿಡುವುದಿಲ್ಲ. 4 ಕೆಬಿ ಬ್ಲಾಕ್‌ಗಳ ಸಾಮಾನ್ಯ ಡಿಸ್ಕಿನಲ್ಲಿ 32768ನೆಯ ಬ್ಲಾಕಿನಲ್ಲಿರುವ ಪ್ರತಿಯನ್ನು ಬಿ ಆಯ್ಕೆಯಿಂದ ತೋರಿಸಿದರೆ ಕೆಲಸ ಮುಂದುವರಿಯುತ್ತದೆ.

ನನ್ನ ತಕರಾರು ಬೇರೆ. ಕಡತದ ಹೆಸರು ಇರುವುದು ಡೈರೆಕ್ಟರಿಯಲ್ಲಿ, ಐನೋಡಿನಲ್ಲಲ್ಲ. ಫೋಟೊಗಳಿದ್ದ ಡೈರೆಕ್ಟರಿಯೊಂದರ ಐನೋಡ್ ಕೆಟ್ಟಾಗ ಈ ಉಪಕರಣ ಅದನ್ನು ಅಳಿಸಲೇ ಎಂದಷ್ಟೇ ಕೇಳಿತು. ಅಳಿಸಿದರೆ ಒಳಗಿನ ಹೆಸರುಗಳೆಲ್ಲ ಹೋಗಿ, ಕಡತಗಳು ಅನಾಥ ಕಡತಗಳನ್ನು ಹಾಕುವ ಲಾಸ್ಟ್+ಫೌಂಡ್ ಎಂಬ ಡೈರೆಕ್ಟರಿಗೆ # ಚಿಹ್ನೆ ಮತ್ತು ಐನೋಡ್ ಸಂಖ್ಯೆ ಹೊತ್ತು ಬಂದು ಬೀಳುತ್ತವೆ ಎಂಬ ಸುಳಿವನ್ನೂ ಕೊಡಲಿಲ್ಲ. ಎಲ್ಲ ಪ್ರಶ್ನೆಗಳಿಗೂ ಹೌದು ಎನ್ನುವ ವೈ ಆಯ್ಕೆಯನ್ನು ಕಣ್ಣುಮುಚ್ಚಿ ಬಳಸಿ ಎಂದು ಸಲಹೆ ಕೊಡುವವರು ಇಂಥ ಲಾಸ್ಟ್+ಫೌಂಡನ್ನು ಒಮ್ಮೆಯೂ ವಿಂಗಡಿಸಿರಲಾರರು.

ನನ್ನ ಸಿಟ್ಟು ತಣಿಸಿದ್ದು ಇ2ಎಫ್‌ಎಸ್‌ಸಿಕೆಯ ಜೊತೆ ಒಂದೇ ಕಟ್ಟಿನಲ್ಲಿ ಬರುವ, ಕಡತ ವ್ಯವಸ್ಥೆಯ ಒಳಗನ್ನು ನೇರವಾಗಿ ನೋಡಲು ಬಿಡುವ ಡೀಬಗ್‌ಎಫ್‌ಎಸ್. ಡಬ್ಲ್ಯೂ ಆಯ್ಕೆ ಕೊಡದ ಹೊರತು ಅದು ಡಿಸ್ಕನ್ನು ಓದಲು ಮಾತ್ರ ತೆರೆಯುತ್ತದೆ. ಸಿ ಆಯ್ಕೆ ಕೊಟ್ಟರೆ ಕೆಟ್ಟಿರಬಹುದಾದ ಬಿಟ್‌ಮ್ಯಾಪ್‌ಗಳನ್ನು (ಯಾವ ಬ್ಲಾಕ್, ಐನೋಡ್ ಬಳಕೆಯಲ್ಲಿವೆ ಎಂಬ ಗುರುತುಗಳನ್ನು) ಮೊದಲಿಗೆ ಓದದೆಯೇ ಒಳಗೆ ಬಿಡುತ್ತದೆ. ಕೆಟ್ಟ ಐನೋಡಿನಲ್ಲಿ ಡೈರೆಕ್ಟರಿಯ ಹೆಸರುಗಳಿದ್ದ ಬ್ಲಾಕಿನ ಸಂಖ್ಯೆ ಉಳಿದಿತ್ತು. ಆ ಬ್ಲಾಕನ್ನು ಬ್ಲಾಕ್‌ಡಂಪ್ ಆದೇಶದಿಂದ ತೆರೆದಾಗ, ಹೆಕ್ಸ್ ಅಂಕಿಗಳ ಪಕ್ಕದಲ್ಲಿ ಫೋಟೊಗಳ ಹೆಸರುಗಳು ಓದುವಂತೆ ಇದ್ದವು. ಪ್ರತಿ ಹೆಸರಿಗೂ ಮುನ್ನ ಅದರ ಐನೋಡ್ ಸಂಖ್ಯೆ, ಕಿರಿಯ ಬೈಟ್ ಮೊದಲಾಗಿ. ಪಟ್ಟಿ ಬರೆದುಕೊಂಡು, ದುರಸ್ತಿಯ ನಂತರ ಸಂಖ್ಯೆ ನೋಡಿ ಹೆಸರು ಹಚ್ಚಿದೆ. ಬೇಸರದ ಕೆಲಸವಾದರೂ ಅಷ್ಟು ಸಂತೋಷ ಕೊಟ್ಟ ಸಂಜೆ ಅಪರೂಪ.

ಎರಡೂ ಉಚಿತ. ಖರ್ಚು ಬರುವುದು ಕೆಡುತ್ತಿರುವ ಡಿಸ್ಕನ್ನು ನಕಲು ಮಾಡುವ ಡಿಡಿರೆಸ್ಕ್ಯೂನಿಂದ ಇಡೀ ಪ್ರತಿ ತೆಗೆದಿಡಲು ಬೇಕಾದ, ಮೂಲದಷ್ಟೇ ದೊಡ್ಡ ಇನ್ನೊಂದು ಡಿಸ್ಕಿಗೆ. ಕೆಡುತ್ತಿರುವ ಡಿಸ್ಕಿನ ಮೇಲೆಯೇ ದುರಸ್ತಿ ನಡೆಸುವುದಕ್ಕಿಂತ ಆ ಹಣ ಕೊಡುವುದನ್ನೇ ನಾನು ಆರಿಸುತ್ತೇನೆ.