ಏಳು ಸೀಟಿನ ಗಾಡಿಗೆ ಯಾವ ಟೈರ್? ಎಚ್/ಟಿ, ಎ/ಟಿ, ಕಂಫರ್ಟ್ – ಮೂರನ್ನೂ ಓಡಿಸಿ ನೋಡಿದ್ದು

ಎಸ್‌ಯುವಿ ಅಂದ ಕೂಡಲೇ ದಪ್ಪ ಗ್ರಿಪ್‌ನ ಟೈರ್ ಹಾಕಿಸಬೇಕು ಅನ್ನುವವರೇ ಜಾಸ್ತಿ. ನೋಡೋಕೆ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಮನೆ ಮಂದಿಯನ್ನೆಲ್ಲ ತುಂಬಿಕೊಂಡು ಓಡುವ ಗಾಡಿಗೆ ನನ್ನ ಓಟು ಸಾದಾ ಹೈವೇ ಟೈರಿಗೆ, ಅಂದರೆ ಎಚ್/ಟಿಗೆ.

ನಮ್ಮದು ಮಹೀಂದ್ರ ಎಕ್ಸ್‌ಯುವಿ500. ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು ಮಾತ್ರ. ಟೈರ್ ಸೈಜು 235/65 ಆರ್17, ಅಂದರೆ ಅಗಲ 235 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 65, ರಿಮ್ 17 ಇಂಚು. ನಮ್ಮ ಭಾವನದೂ ಇದೇ ಗಾಡಿ, ಅವರು ಹಾಕಿಸಿರುವುದು ಆಲ್ ಟೆರೇನ್, ಅಂದರೆ ಎ/ಟಿ. ಗೆಳೆಯನ ಟಾಟಾ ಹ್ಯಾರಿಯರ್‌ಗೂ ಇದೇ ಸೈಜು, ಅದರಲ್ಲಿರುವುದು ಮೆತ್ತನೆಯ ಕಂಫರ್ಟ್ ಟೈರ್. ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳ. ಇದು ನಮ್ಮ ಮಾಮೂಲಿ ದಾರಿ. ಮೂರೂ ಗಾಡಿಗಳನ್ನು ಈ ದಾರಿಯಲ್ಲಿ ಮಳೆಗೂ ಬಿಸಿಲಿಗೂ ಓಡಿಸಿದ್ದೇನೆ. ಹ್ಯಾರಿಯರ್‌ನ ಸಸ್ಪೆನ್ಷನ್ ಬೇರೆ, ಹಾಗಾಗಿ ಅದರ ವಿಷಯದಲ್ಲಿ ಸ್ವಲ್ಪ ಹಿಂದೆ ಮುಂದೆ ಮಾಡಿ ಓದಿಕೊಳ್ಳಿ.

ಮೊದಲು ಕೆಸರಿನ ಮಾತು, ಯಾಕಂದರೆ ಎ/ಟಿ ಗೆಲ್ಲುವುದು ಅಲ್ಲೇ. ಮೂಡಿಗೆರೆ ಹತ್ತಿರ ನಮ್ಮ ಮನೆಗೆ ಕೊನೆಯ ಸ್ವಲ್ಪ ದೂರ ಮಣ್ಣು ರಸ್ತೆ. ಜುಲೈನಲ್ಲಿ ಅದು ರಸ್ತೆ ಅಲ್ಲ, ನಾಟಿಗೆ ಸಿದ್ಧವಾದ ಗದ್ದೆ. ಎಚ್/ಟಿಯ ಸಣ್ಣ ಸಂದುಗಳಲ್ಲಿ ಜೇಡಿ ಮಣ್ಣು ತುಂಬಿಕೊಂಡರೆ ಟೈರ್ ಬೋಳಾದ ಹಾಗೆಯೇ. ಚಕ್ರ ನಿಂತಲ್ಲೇ ತಿರುಗುತ್ತದೆ. ಎ/ಟಿಯ ಅಗಲವಾದ ಸಂದುಗಳು ಮಣ್ಣನ್ನು ಎಸೆದು ಮತ್ತೆ ಹಿಡಿತ ಕಂಡುಕೊಳ್ಳುತ್ತವೆ. ಭಾವನ ಗಾಡಿ ಏರು ಹತ್ತಿತು, ನಮ್ಮದು ಹತ್ತಲಿಲ್ಲ. ಜಲ್ಲಿ, ಚೂಪು ಕಲ್ಲುಗಳ ದಾರಿಯಲ್ಲೂ ಎ/ಟಿ ಮೇಲೆ ಭರವಸೆ ಹೆಚ್ಚು. ಕಂಫರ್ಟ್ ಟೈರನ್ನು ಆ ಏರಿಗೆ ತರಲೇ ಇಲ್ಲ, ಟಾರು ಮುಗಿದಲ್ಲೇ ನಿಲ್ಲಿಸಿದೆವು.

ಟಾರು ರಸ್ತೆಗೆ ಬಂದರೆ ಲೆಕ್ಕ ತಲೆಕೆಳಗು. ತುಂತುರು ಮಳೆಗೆ ಒದ್ದೆಯಾದ ಚಾರ್ಮಾಡಿಯ ಇಳಿಜಾರು. ಗಾಡಿ ತುಂಬ ಜನ, ಹಿಂದೆ ಲಗೇಜು. ತಿರುವಿನ ಮುಂಚೆ ಬ್ರೇಕ್ ಒತ್ತಿದರೆ ಕಂಫರ್ಟ್ ಟೈರ್ ಗಾಡಿಯನ್ನು ಗಪ್ಪನೆ ಹಿಡಿಯುತ್ತದೆ. ಎಚ್/ಟಿ ಅದಕ್ಕಿಂತ ತುಸು ಹಿಂದೆ. ಎ/ಟಿಯಲ್ಲಿ ಮಾತ್ರ ಪೆಡಲ್ ಬೇಗನೇ ಒತ್ತಿರಬೇಕು. ಕಲ್ಲಿಗೆ ಕತ್ತರಿಸಬಾರದು ಅಂತ ಅದರ ರಬ್ಬರು ಗಟ್ಟಿ ಇರುತ್ತದೆ. ದೊಡ್ಡ ಸಂದುಗಳಿಂದಾಗಿ ನೆಲಕ್ಕೆ ತಾಗುವ ರಬ್ಬರೂ ಕಡಿಮೆ. ನಿಂತ ನೀರಿನಲ್ಲಿ ಹೋಗುವಾಗ ಅವೇ ಸಂದುಗಳು ನೀರನ್ನು ಚೆನ್ನಾಗಿ ಹೊರಹಾಕುತ್ತವೆ, ಅದನ್ನೂ ಹೇಳಬೇಕು. ಆದರೆ ನಮ್ಮ ಘಾಟಿಯಲ್ಲಿ ಸಿಗುವುದು ಹೆಚ್ಚಾಗಿ ತೆಳು ನೀರಿನ ಪದರ, ಮೇಲೆ ಪಾಚಿ, ಒದ್ದೆ ಎಲೆ. ಎ/ಟಿ ಬೇಡ ಅಂತ ನಾನು ತೀರ್ಮಾನ ಮಾಡಿದ್ದು ಇದೇ ಕಾರಣಕ್ಕೆ. ಮಣ್ಣು ರಸ್ತೆಯಲ್ಲಿ ಸಿಕ್ಕಿಕೊಂಡರೆ ಪಕ್ಕದ ತೋಟದ ಜೀಪು ಬಂದು ಎಳೆಯುತ್ತದೆ. ಘಾಟಿಯಲ್ಲಿ ಎದುರಿನಿಂದ ಬಸ್ಸು ಬಂದಾಗ ಎಳೆಯೋಕೆ ಯಾರೂ ಇರುವುದಿಲ್ಲ.

ಸದ್ದಿನ ವಿಷಯ ಚಿಕ್ಕದು. ಎ/ಟಿಯಲ್ಲಿ 80 ದಾಟಿದ ಮೇಲೆ ಗುಂಯ್ ಅನ್ನುವುದು ನಿಲ್ಲುವುದಿಲ್ಲ, ಮೂರನೇ ಸಾಲಿನಲ್ಲಿ ಕೂತವರು ಗೊಣಗುತ್ತಾರೆ. ತೂಕ ಜಾಸ್ತಿ, ಹಾಗಾಗಿ ಡೀಸೆಲ್ಲೂ ಸ್ವಲ್ಪ ಜಾಸ್ತಿ. ಕಂಫರ್ಟ್ ಟೈರ್ ಇದರಲ್ಲಿ ಎಲ್ಲಕ್ಕಿಂತ ಮೇಲು. ಮತ್ತೆ ಅದನ್ನೇ ಯಾಕೆ ಹಾಕಿಸಲಿಲ್ಲ? ಬೆಂಗಳೂರು, ಹೈವೇ ಇಷ್ಟೇ ಆದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ನಮ್ಮ ದಾರಿಯಲ್ಲಿ ಗುಂಡಿ, ಅಂಚು ಕಿತ್ತ ಟಾರು, ಸ್ವಲ್ಪ ಮಣ್ಣು ಎಲ್ಲ ಇದೆ. ಬೇಸಿಗೆಯಲ್ಲಿ ಮನೆಯ ತನಕ ಹೋಗುವುದಕ್ಕೆ ಎಚ್/ಟಿ ಧಾರಾಳ ಸಾಕು.

ಅಂಗಡಿಗೆ ಹೋದರೆ ಯಾವುದು ಯಾವ ಬಗೆ ಅಂತ ಗೊತ್ತಿರಲಿ. ಬ್ರಿಡ್ಜ್‌ಸ್ಟೋನ್ ಡ್ಯೂಲರ್ ಎಚ್/ಟಿ, ಅಪೊಲೊ ಆಪ್ಟೆರಾ ಎಚ್‌ಟಿ2 ಹೈವೇ ಬಗೆಯವು. ಯೊಕೊಹಾಮಾ ಜಿಯೋಲ್ಯಾಂಡರ್ ಎ/ಟಿ ಹೆಸರಲ್ಲೇ ಇದೆ. ಮಿಶೆಲಿನ್ ಪ್ರೈಮಸಿ ಎಸ್‌ಯುವಿ ಕಂಫರ್ಟ್ ಕಡೆಯದು, ಅದೇ ಕಂಪನಿಯ ಎಲ್‌ಟಿಎಕ್ಸ್ ಫೋರ್ಸ್ ಟಾರು–ಮಣ್ಣು ಎರಡಕ್ಕೂ ಅಂತ ಮಾಡಿದ್ದು. 2020ರ ಜೂನ್‌ನಿಂದ ಹೊರದೇಶದ ಟೈರ್ ತರಿಸಲು ನಿರ್ಬಂಧ ಇದೆ. ಹಾಗಾಗಿ ಬೇಕೆಂದ ಮಾಡೆಲ್ ಬೇಕೆಂದ ಸೈಜಿನಲ್ಲಿ ಸಿಗದಿದ್ದರೆ ಆಶ್ಚರ್ಯ ಪಡಬೇಡಿ. ಒಂದು ಖುಷಿಯ ವಿಷಯ: 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿದಿದೆ.

ನಮ್ಮ ಅಂಗಡಿಯವರು 255/65 ಹಾಕಿಸಿ ಸರ್, ಗತ್ತು ಬರುತ್ತೆ ಅಂದರು. ಲೆಕ್ಕ ಹಾಕಿ ನೋಡಿದೆ. 235/65ರ ಎತ್ತರ ಸುಮಾರು 737 ಮಿ.ಮೀ., 255/65ರದು 763. ಅಂದರೆ ಶೇ. 3.5 ಜಾಸ್ತಿ. ಮೀಟರ್ ಮುಂಚಿಗಿಂತ ಅಷ್ಟು ಕಡಿಮೆ ಸ್ಪೀಡ್ ತೋರಿಸುತ್ತದೆ, ಸ್ಟೇರಿಂಗ್ ಭಾರ, ಪಿಕಪ್ ಮಂದ. ಗತ್ತು ಬೇಡ ಅಂದೆ.

ಗತ್ತಿಗಿಂತ ಮುಖ್ಯವಾದ ಅಂಕಿ ಸೈಜಿನ ಪಕ್ಕದಲ್ಲೇ ಇರುತ್ತದೆ. 104 ಅಂದರೆ ಒಂದು ಟೈರ್ 900 ಕೆಜಿ ಹೊರುತ್ತದೆ, 108 ಅಂದರೆ 1,000 ಕೆಜಿ. ಏಳು ಜನ ಕೂರುವ ಗಾಡಿಗೆ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಅಂಕಿಯ ಟೈರ್ ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ತಯಾರಾದ ದಿನವನ್ನೂ ನೋಡಿ. 2325 ಅಂತಿದ್ದರೆ 2025ರ 23ನೇ ವಾರ. ನಾಲ್ಕೂ ಟೈರ್‌ಗಳ ಅಂಕಿ ನೀವೇ ಬಗ್ಗಿ ಓದಿ, ಅಂಗಡಿಯಲ್ಲಿ ಓದಿ ಹೇಳಿದ್ದನ್ನು ನಂಬಿ ಕೂರಬೇಡಿ.

ದುಡ್ಡು ಸಾಲದೆ ಎರಡೇ ಹಾಕಿಸುವುದಾದರೆ ಹೊಸದು ಹಿಂದಕ್ಕೆ. ಮುಂದಿನ ಚಕ್ರ ತಾನೇ ಎಳೆಯೋದು ಅಂತ ಅಂಗಡಿಯಲ್ಲಿ ವಾದ ಮಾಡುತ್ತಾರೆ, ಅಲ್ವಾ? ಆದರೆ ಮಳೆಯಲ್ಲಿ ಮುಂದಿನದು ಜಾರಿದರೆ ಕಾಲು ಸಡಿಲ ಬಿಟ್ಟು ಸುಧಾರಿಸಿಕೊಳ್ಳಬಹುದು. ಹಿಂದಿನದು ಜಾರಿದರೆ ಗಾಡಿಯೇ ಗಿರಕಿ ಹೊಡೆಯುತ್ತದೆ. ಸಂದುಗಳ ಆಳ 1.6 ಮಿ.ಮೀ.ಗೆ ಇಳಿಯುವ ತನಕ ಸವೆಯಲು ಕಾನೂನು ಬಿಡುತ್ತದೆ. ನಾನಂತೂ ಮಳೆಗಾಲಕ್ಕೆ ಮುಂಚೆ 3 ಮಿ.ಮೀ.ಗೆ ಬಂದಿದ್ದರೆ ಬದಲಾಯಿಸುತ್ತೇನೆ.

ಹೊಸ ಟೈರ್ ಹಾಕಿಸಿ ಅದೇ ದಿನ ಘಾಟಿಗೆ ಹೊರಡಬೇಡಿ. ಅಚ್ಚಿನಿಂದ ಬಿಡಿಸಲು ಬಳಿದ ಜಾರು ಪದಾರ್ಥ ಮೇಲೆ ಉಳಿದಿರುತ್ತದೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಊರೊಳಗೇ ಸಮಾಧಾನವಾಗಿ ಓಡಿಸಿ, ಆಮೇಲೆ ಅಲೈನ್‌ಮೆಂಟ್ ಇನ್ನೊಮ್ಮೆ ನೋಡಿಸಿ.