ಕಾಲಡಿಯ ಹೆಸರುಗಳು: ಡೆಲ್ಮಾರ್ ರಸ್ತೆಯ ಫಲಕಗಳು

ಅಮೆರಿಕದ ಮಿಸೌರಿ ರಾಜ್ಯದಲ್ಲಿ, ಸೇಂಟ್ ಲೂಯಿಸ್ ನಗರಕ್ಕೆ ಅಂಟಿಕೊಂಡಂತೆ ಯೂನಿವರ್ಸಿಟಿ ಸಿಟಿ ಎಂಬ, ಸುಮಾರು 35 ಸಾವಿರ ಜನಸಂಖ್ಯೆಯ ಊರಿದೆ. ಅಲ್ಲಿನ ಡೆಲ್ಮಾರ್ ಬೂಲೆವಾರ್ಡ್‌ನ ಫುಟ್‌ಪಾತ್‌ನಲ್ಲಿ ಆ ಸೀಮೆಯ ಖ್ಯಾತನಾಮರ ಹೆಸರು ಹೊತ್ತ ನೂರೈವತ್ತಕ್ಕೂ ಹೆಚ್ಚು ಹಿತ್ತಾಳೆಯ ನಕ್ಷತ್ರಗಳನ್ನು ಹುದುಗಿಸಲಾಗಿದೆ. ಇದೇ ರಸ್ತೆಯಲ್ಲಿರುವ ಬ್ಲೂಬೆರಿ ಹಿಲ್ ರೆಸ್ಟೋರೆಂಟಿನ ಮಾಲೀಕ ಜೋ ಎಡ್ವರ್ಡ್ಸ್ 1988ರಲ್ಲಿ ಈ ಯೋಜನೆಯನ್ನು ಆರಂಭಿಸಿದರು. ಮರುವರ್ಷ ಬಂದ ಮೊದಲ ಹತ್ತು ಹೆಸರುಗಳಲ್ಲಿ ಕವಿ ಟಿ. ಎಸ್. ಎಲಿಯಟ್, ಸಂಗೀತಗಾರ ಚಕ್ ಬೆರಿ, ನಾಟಕಕಾರ ಟೆನೆಸ್ಸೀ ವಿಲಿಯಮ್ಸ್ ಮತ್ತು ಮಿಸಿಸಿಪ್ಪಿ ನದಿಗೆ ಸೇತುವೆ ಕಟ್ಟಿದ ಎಂಜಿನಿಯರ್ ಜೇಮ್ಸ್ ಈಡ್ಸ್ ಇದ್ದರು.

ಹಾಲಿವುಡ್‌ನ ಫುಟ್‌ಪಾತ್‌ನಲ್ಲಿರುವ ಇಂಥದೇ ನಕ್ಷತ್ರಗಳಲ್ಲಿ ಹೆಸರು ಮತ್ತು ಕ್ಷೇತ್ರದ ಚಿಹ್ನೆಯನ್ನು ಬಿಟ್ಟರೆ ಓದುವುದಕ್ಕೆ ಏನೂ ಸಿಗುವುದಿಲ್ಲ. ಇಲ್ಲಿ ಪ್ರತಿ ನಕ್ಷತ್ರದ ಪಕ್ಕದಲ್ಲೂ ಆ ವ್ಯಕ್ತಿಯ ಬದುಕು ಮತ್ತು ಸಾಧನೆಯನ್ನು ಸಂಗ್ರಹವಾಗಿ ಹೇಳುವ ಕಂಚಿನ ಫಲಕವಿದೆ. ನನ್ನ ಮಟ್ಟಿಗೆ ಈ ರಸ್ತೆಯ ಹೆಚ್ಚುಗಾರಿಕೆಯೆಲ್ಲ ಆ ಫಲಕಗಳಲ್ಲಿಯೇ ಇದೆ. ಹೆಸರನ್ನೇ ಕೇಳಿರದವನೂ ನಿಂತು ಓದಿ, ತಿಳಿದುಕೊಂಡು ಮುಂದೆ ಸಾಗಬಹುದು.

ಆಯ್ಕೆಯ ನಿಯಮ ಮಾತ್ರ ಬಹಳ ಉದಾರವಾದದ್ದು. ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿರಬೇಕು, ಇಲ್ಲವೇ ವ್ಯಕ್ತಿತ್ವ ರೂಪುಗೊಂಡ ಅಥವಾ ಸೃಜನಶೀಲವಾಗಿ ದುಡಿದ ವರ್ಷಗಳನ್ನು ಅಲ್ಲಿ ಕಳೆದಿರಬೇಕು. ಹೀಗಾಗಿ, 1888ರಲ್ಲಿ ಇಲ್ಲಿ ಹುಟ್ಟಿ, ಹದಿಹರೆಯದಲ್ಲೇ ಊರು ಬಿಟ್ಟು, 1927ರಲ್ಲಿ ಬ್ರಿಟಿಷ್ ಪ್ರಜೆಯಾದ ಎಲಿಯಟ್‌ಗೂ ಇಲ್ಲಿ ಜಾಗವಿದೆ. ವಿಲಿಯಮ್ಸ್‌ಗಂತೂ ಈ ನಗರವೆಂದರೆ ಆಗುತ್ತಿರಲಿಲ್ಲ. ತಮ್ಮ ದೇಹವನ್ನು ಸಮುದ್ರಕ್ಕೆ ಬಿಡಬೇಕೆಂದು ಬಯಸಿದ್ದ ಅವರನ್ನು ಕೊನೆಗೆ ಮಣ್ಣು ಮಾಡಿದ್ದೂ ಸೇಂಟ್ ಲೂಯಿಸ್‌ನಲ್ಲೇ. ಬಿಟ್ಟು ಹೋದವರನ್ನೂ ತನ್ನವರೆಂದು ಎಣಿಸಿಕೊಳ್ಳುವ ಊರಿನ ಈ ಹಟ ನನಗೆ ತಪ್ಪೆನಿಸಲಿಲ್ಲ.

ಕನ್ನಡದವರಿಗೆ ಮೊದಲು ಕಾಡುವುದು ಬೇರೆಯದೇ ಮುಜುಗರ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಾವು ಕವಿಯ ಹೆಸರನ್ನು ತುಳಿದು ನಡೆಯುವುದು ಹೇಗೆ? ನಾನು ಮೊದಲ ನಾಲ್ಕೈದು ನಕ್ಷತ್ರಗಳನ್ನು ಬಳಸಿಕೊಂಡೇ ಹೋದೆ. ಆಮೇಲೆ ನಮ್ಮ ಹಳೆಯ ದೇವಾಲಯಗಳ ನೆಲಗಲ್ಲುಗಳು ನೆನಪಾದವು. ಬರುವವರ ಪಾದಧೂಳಿ ತಮ್ಮ ಮೇಲೆ ಬೀಳಲೆಂದು, ಅಡ್ಡಬಿದ್ದ ಭಂಗಿಯಲ್ಲಿ ತಮ್ಮ ರೂಪವನ್ನೂ ಹೆಸರನ್ನೂ ಕೆತ್ತಿಸಿಕೊಂಡ ಭಕ್ತರು ನಮ್ಮಲ್ಲೂ ಇದ್ದರಲ್ಲ. ಅವರು ತಾವಾಗಿ ನೆಲಕ್ಕಿಳಿದವರು, ಇಲ್ಲಿನವರನ್ನು ಊರು ಇಳಿಸಿದೆ ಎಂಬ ವ್ಯತ್ಯಾಸವಿದ್ದರೂ ಹೆಜ್ಜೆ ಸ್ವಲ್ಪ ಹಗುರಾಯಿತು.

ಪ್ರವೇಶ ಶುಲ್ಕವಿಲ್ಲ. ಆದರೆ ಬಗ್ಗಿ ಬಗ್ಗಿ ಓದಬೇಕಾದ್ದರಿಂದ ಹಿರಿಯರಿಗೆ ಕುತ್ತಿಗೆ ನೋವು ಬಂದೀತು. ಜನಜಂಗುಳಿಯಿಲ್ಲದ ಬೆಳಗಿನ ಹೊತ್ತೇ ಒಳ್ಳೆಯದು. ಎಲ್ಲ ಫಲಕಗಳನ್ನೂ ಒಂದೇ ದಿನ ಓದಿ ಮುಗಿಸುವ ಹಂಬಲವೂ ಬೇಡ. ಸಮಯ ಕಡಿಮೆಯಿದ್ದರೆ ಚಕ್ ಬೆರಿಯ ನಕ್ಷತ್ರವನ್ನು ನೋಡಿ, 2011ರಲ್ಲಿ ನಿಲ್ಲಿಸಿದ, ಎಂಟು ಅಡಿ ಎತ್ತರದ ಅವರ ಕಂಚಿನ ಪ್ರತಿಮೆಯತ್ತ ಹೋಗಿ. ಪ್ರತಿಮೆಯ ಎದುರು ಬದಿಯಲ್ಲೇ ಬ್ಲೂಬೆರಿ ಹಿಲ್ ಇದೆ. ಅದರ ನೆಲಮಾಳಿಗೆಯಲ್ಲಿ ಬೆರಿ ಎಂಬತ್ತರ ಹರೆಯದಲ್ಲೂ ಗಿಟಾರ್ ನುಡಿಸುತ್ತಿದ್ದರು.