ಸಿವಿಲ್ ವಾರ್: ಫ್ರಂಟ್ ಲೈನ್ – ಅರ್ಧ ಚಿನ್ನ, ಅರ್ಧ ಕಾಗೆಬಂಗಾರ

ಮಾಟುಂಗಾದ ಕನ್ನಡ ಓದುಗರಲ್ಲಿ ಮಾರ್ವೆಲ್‌ನ ಈ ಕಾಮಿಕ್ಸ್ ಉಪಸರಣಿಯ ಮಾತು ಬಂದರೆ ಎರಡು ಬಣ ಖಚಿತ. 2006–07ರ ‘ಸಿವಿಲ್ ವಾರ್’ ಮೂಲ ಸರಣಿ 7 ಸಂಚಿಕೆ. ಅದಕ್ಕೆ ಅಂಟಿಕೊಂಡ ಇದು 11. ಬರೆದವರು ಪಾಲ್ ಜೆಂಕಿನ್ಸ್. ಸರಕಾರದಲ್ಲಿ ಹೆಸರು ನೋಂದಾಯಿಸಲೇಬೇಕೆಂಬ ಕಾಯ್ದೆಯ ಮೇಲೆ ನಡೆಯುವ ಸೂಪರ್‌ಹೀರೋಗಳ ಬಡಿದಾಟವನ್ನು ಬೆನ್ ಯೂರಿಕ್, ಸ್ಯಾಲಿ ಫ್ಲಾಯ್ಡ್ ಎಂಬ ಪತ್ರಕರ್ತರ ಕಣ್ಣಲ್ಲಿ ತೋರಿಸುವುದೇ ಇದರ ಹೂರಣ.

ಮೆಚ್ಚುವವರು ಬೆರಳಿಡುವುದು ಸ್ಪೀಡ್‌ಬಾಲ್ ಎಂಬ ಯುವ ಹೀರೋನ ಕಥೆಯ ಮೇಲೆ: ಸ್ಟ್ಯಾಮ್‌ಫರ್ಡ್ ಸ್ಫೋಟದಲ್ಲಿ (ಈ ಕಾಯ್ದೆಗೆ ದಾರಿಯಾದ ದುರಂತ) ಬದುಕುಳಿದು, ಜೈಲು ಕಂಡು, ಕೊನೆಗೆ ಒಳಗೆಲ್ಲ ಮುಳ್ಳಿರುವ ಉಡುಪು ತೊಟ್ಟು ‘ಪೆನನ್ಸ್’ (ಪ್ರಾಯಶ್ಚಿತ್ತ) ಎಂಬ ಹೊಸ ಹೆಸರಿನವನಾಗುವುದು. ತಮಾಷೆಯ ಪಾತ್ರವೊಂದನ್ನು ಕತ್ತಲಿಗೆ ತಳ್ಳಿದರೆಂದು ಇದಕ್ಕೇ ಮುನಿದವರೂ ಇದ್ದಾರೆ. ಆದರೆ ನಿಜವಾಗಿ ಕೆಟ್ಟಿರುವುದು 11ನೇ ಸಂಚಿಕೆ. ಸೆರೆಯಲ್ಲಿರುವ ಕ್ಯಾಪ್ಟನ್ ಅಮೆರಿಕಾಗೆ ಮೈಸ್ಪೇಸ್ (ಆಗಿನ ಸಾಮಾಜಿಕ ಜಾಲತಾಣ), ನ್ಯಾಸ್ಕಾರ್ (ಅಮೆರಿಕದ ಕಾರ್ ರೇಸ್) ಗೊತ್ತಿಲ್ಲವೆಂದು ಸ್ಯಾಲಿ ಝಾಡಿಸುತ್ತಾಳೆ. ಆತ ಸರಿಯಾದ ಉತ್ತರವನ್ನೇ ಕೊಡುವುದಿಲ್ಲ! ಅಲ್ಲಿಯವರೆಗೂ ನೋಂದಣಿ ಕಾಯ್ದೆಯನ್ನು ಪ್ರಶ್ನಿಸುತ್ತ ಬಂದ ವರದಿಗಾರ್ತಿಯ ಬಾಯಲ್ಲಿ ಈ ಮಾತು ಒಪ್ಪುವುದಿಲ್ಲ.

ಸಂಗ್ರಹ ಎರಡು ಭಾಗ: 1–6, 7–11. ಕೊನೆಯ ಸಂಚಿಕೆಯನ್ನು ಮೂಲ ಸರಣಿಯ 7ನೇ ಸಂಚಿಕೆಗಿಂತ ಮೊದಲು ಓದಿದರೆ ಅಂತ್ಯ ಬಯಲಾಗುತ್ತದೆ. ಫೋರ್ಟ್‌ನ ಫುಟ್‌ಪಾತ್‌ನಲ್ಲಿ ಹಳೆಯ ಪ್ರತಿ ಸಿಕ್ಕರೆ ಬೆನ್ನಿನ ಅಂಟು, ಒಳಗಿನ ಹಾಳೆ ಎರಡನ್ನೂ ನೋಡಿ. ಮುಂಬಯಿ ಮಳೆಗಾಲದ ತೇವಕ್ಕೆ ನುಣುಪು ಹಾಳೆಗಳು ಒಂದಕ್ಕೊಂದು ಹತ್ತಿಕೊಂಡಿರಬಹುದು. ಮೊದಲ ಭಾಗಕ್ಕೆ ದುಡ್ಡು ಕೊಡಬಹುದು. ಎರಡನೆಯದು ಎರವಲು ಸಿಕ್ಕರೆ ಸಾಕು.